ದುಂಡು ಬಟ್ಟಲು

ಮಾಘ ಮುಗಿಯುತ್ತ ಬಂದಿತ್ತು, ಬೆಳಗಿನ ಆರೂಕಾಲು. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಹನುಮಂತಪ್ಪ ಎರಡನೆಯ ಸಲ ಕೈ ಚಾಚಿದ. ಹೊನ್ನೂರಮ್ಮ ಎರಡನೆಯ ಸಲವೂ ಬುಟ್ಟಿಯನ್ನು ಕೊಡಲಿಲ್ಲ.

“ಇರಲಿ ಬಿಡಿ. ನಾನೇ ಹಿಡ್ಕೊಂಡಿರ್ತೀನಿ.”

“ಐದು ತಾಸಿನ ದಾರಿ. ಕೈ ಸೋಲುತ್ತೆ.”

“ಹಗುರ ಇದೆ.”

ಇದೆ ಅಂದಳು. ಐತೆ ಅನ್ನಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಮೂರು ನಾಲ್ಕು ಸಲ ತಿದ್ದಿದ್ದ. ಐದನೆಯ ಸಲ ತಿದ್ದುವ ಪ್ರಸಂಗವೇ ಬರಲಿಲ್ಲ. ಬೇಗ ಕಲಿಯುವ ಹೆಣ್ಣು ಎಂದು ಆಗ ಹೆಮ್ಮೆಯಾಗಿತ್ತು. ಆಮೇಲೆ ನೋಡಿದರೆ ಅವಳು ಮಾತನ್ನೇ ಕಡಿಮೆ ಮಾಡಿದ್ದಳು.

ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಸಾಸ್ವೆಹಳ್ಳಿಯ ಕೂಲಿಯವನ ಮಗ. ಚನ್ನಗಿರಿಯ ಹಾಸ್ಟೆಲಿನಲ್ಲಿ ಓದಿ, ಮುಂದೆ ಬಿ.ಎಸ್ಸಿ. ಮುಗಿಸಿ, ನ್ಯಾಮತಿಯಲ್ಲಿ ಎರಡು ವರ್ಷ ಪಾಠ ಹೇಳಿ, ಎಪ್ಪತ್ತಾರನೆಯ ಇಸವಿಯಲ್ಲಿ ಹೊನ್ನಾಳಿಗೆ ವರ್ಗವಾಗಿ ಬಂದಿದ್ದ. ಯಾವ ಊರಿನಲ್ಲೂ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸಾರ್ ಅನ್ನುತ್ತಿದ್ದರು. ಸ್ವಂತ ಊರಿಗೆ ಹೋದರೆ ಅವನ ಅಪ್ಪನೂ ಎದ್ದು ನಿಲ್ಲುತ್ತಿದ್ದ.

ಬಸ್ಸು ಹೊರಟಿತು. ಬುಟ್ಟಿ ಅವಳ ತೊಡೆಯ ಮೇಲಿತ್ತು. ಬುಟ್ಟಿಯ ಬಾಯಿಗೆ ಹಳೆಯ ಸೀರೆಯ ತುಂಡು ಮುಚ್ಚಿ, ಮೇಲೆ ಹುರಿ ಬಿಗಿದಿತ್ತು. ಹುರಿಯ ಗಂಟನ್ನು ಅವನು ನೋಡಿದ, ಕಿಟಕಿಯ ಕಡೆ ತಿರುಗಿದ, ಮತ್ತೆ ನೋಡಿದ. ಗಂಟು ಸರಿಯಾಗಿಯೇ ಇತ್ತು. ಮಾವ ಹಾಕಿದಂಥದೇ ಗಂಟು. ಅದನ್ನು ಕಲಿಯಲು ಅವನಿಗೆ ಒಂದು ಭಾನುವಾರ ಪೂರ್ತಿ ಹಿಡಿದಿತ್ತು.

ಅವಳ ಅಪ್ಪ ಓಬಣ್ಣ ಸೊಕ್ಕೆಯಲ್ಲಿ ಮರ ಕಡೆಯುವವನು. ಲಟ್ಟಣಿಗೆ, ತೊಟ್ಟಿಲ ಗುಂಡು, ಬಟ್ಟಲು. ಕರೆಂಟಿನ ಲೇತು ಅಲ್ಲ, ಹಗ್ಗದ್ದು. ಒಬ್ಬರು ಕೂತು ಹಗ್ಗದ ಎರಡು ತುದಿಗಳನ್ನು ಒಂದಾದ ಮೇಲೊಂದು ಎಳೆದರೆ ಮರ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುತ್ತದೆ. ಎದುರಿಗೆ ಕೂತವನು ಉಳಿ ಕೊಡುತ್ತಾನೆ.

ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮದುವೆಯ ಮಾರನೆಯ ಬೆಳಿಗ್ಗೆ ಹಾಲೆ ಮರದ ಒಂದು ಕೊಂಬೆ ಕಡಿಯುತ್ತಾರೆ. ಕಡಿದಲ್ಲಿ ಹಾಲು ಸುರಿಯುತ್ತಿರುವಾಗಲೇ ಅದನ್ನು ಕಡೆಯಬೇಕು. ಹೆಣ್ಣು ಹಗ್ಗ ಎಳೆಯಬೇಕು, ಗಂಡು ಉಳಿ ಹಿಡಿಯಬೇಕು. ಬೆರಳು ದಪ್ಪದ ಬಟ್ಟಲು ಮಾಡಿ, ಅದರದೇ ಹೊಟ್ಟಿನಲ್ಲಿ ಹೂತು, ಬುಟ್ಟಿ ಕಟ್ಟಿ ಹೊಸ ಸಂಸಾರದ ಜೊತೆ ಕಳಿಸುತ್ತಾರೆ. ವರ್ಷ ತುಂಬುವವರೆಗೆ ಯಾರೂ ಬಿಚ್ಚುವಂತಿಲ್ಲ. ತುಂಬಿದ ಮೇಲೆ ಒಣಗಿದ ಬಟ್ಟಲನ್ನು ತೌರಿಗೆ ತಂದು, ಮತ್ತೆ ಹಗ್ಗಕ್ಕೆ ಹಾಕಿ, ತೆಳ್ಳಗೆ ಮಾಡಿ, ಗಂಡಹೆಂಡತಿ ಅದರಲ್ಲಿ ಕೂಡಿ ಉಣ್ಣಬೇಕು.

ಹೋದ ವರ್ಷ ಇದೇ ಮಾಘದಲ್ಲಿ ಅವನೂ ಉಳಿ ಹಿಡಿದಿದ್ದ. ಹಗ್ಗ ವಾಪಸು ಹೋಗುವಾಗ ಉಳಿ ಎತ್ತಬೇಕು. ಎತ್ತಲಿಲ್ಲ. ಉಳಿ ಒಳಗೋಡೆಯನ್ನು ಕಚ್ಚಿತು. ಉಗುರಿನಷ್ಟು ಗಾಯ. ಎಲ್ಲರೂ ನಕ್ಕರು. ಹೊನ್ನೂರಮ್ಮ ತಲೆ ಬಗ್ಗಿಸಿಕೊಂಡೇ, “ನಾ ಎಳೆದಾಗ ಇಡ್ರಿ, ಬಿಟ್ಟಾಗ ತೆಗೀರಿ,” ಅಂದಿದ್ದಳು. ಅವಳು ಅವನಿಗೆ ಆಡಿದ ಮೊದಲ ಮಾತು ಅದು.

ಅವಳ ಸೋದರತ್ತೆ ಕಾಟಮ್ಮ ಬಾಗಿಲಲ್ಲಿ ನಿಂತು ಕೂಗಿದ್ದಳು. “ಹುಷಾರು ಮೇಷ್ಟ್ರೆ! ಬಟ್ಟಲು ಸೀಳ್ತೋ, ನಮ್ಮ ಹುಡುಗಿ ನಮ್ಮನಿಗೆ ವಾಪಸ್!” ಮತ್ತೆ ನಗೆ. ಅವನೂ ನಕ್ಕ. ಮೂಢನಂಬಿಕೆಗಳ ಮೇಲೆ ಅವನು ಶಾಲೆಯಲ್ಲಿ ವರ್ಷಕ್ಕೊಂದು ಭಾಷಣ ಮಾಡುತ್ತಿದ್ದ.

ಬುಟ್ಟಿಯನ್ನು ಬಿಚ್ಚದೆ ಅವನು ತಡೆದದ್ದು ಎಂಟು ದಿನ.

ಹೊನ್ನೂರಮ್ಮ ಭಾನುವಾರ ಬಟ್ಟೆ ಒಗೆಯಲು ಹೊಳೆಗೆ ಹೋಗುತ್ತಿದ್ದಳು. ಅವನು ಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಚೀಲದಲ್ಲಿ ತಂದಿಟ್ಟುಕೊಂಡಿದ್ದ. ಮೊದಲ ಭಾನುವಾರ ಬಟ್ಟಲು ಏಳುನೂರ ಎಂಬತ್ತು ಗ್ರಾಂ ತೂಗಿತು. ಎರಡನೆಯ ಭಾನುವಾರ ಏಳುನೂರ ಹತ್ತು. ಹಸಿ ಮರದ ಅರ್ಧ ಭಾರ ನೀರು ಎಂದು ಓದಿದ್ದ. ಈಗ ಕಣ್ಣಾರೆ ಕಾಣುತ್ತಿತ್ತು. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟ. ಚುಕ್ಕೆಗಳನ್ನು ಕೂಡಿಸಿ ಗೆರೆ ಎಳೆದ. ಆ ಮನೆಯೊಳಗೆ ಅವನಿಗೆ ಅರ್ಥವಾಗುತ್ತಿದ್ದದ್ದು ಆ ಗೆರೆ ಒಂದೇ.

ಚೈತ್ರದ ಒಂದು ಮಧ್ಯಾಹ್ನ, ಗೆರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಬೇಗ ನೋಡುವ ಆಸೆಯಾಗಿ, ಬಟ್ಟಲನ್ನು ಹಿತ್ತಲಿನ ತಗಡಿನ ಮೇಲೆ ಬಿಸಿಲಿಗೆ ಇಟ್ಟ. ಕಾಲು ತಾಸೂ ಆಗಿರಲಿಲ್ಲ. ಟಿಕ್ ಅಂತು. ಹಲ್ಲಿ ಲೊಚಗುಟ್ಟಿದಷ್ಟು ಸದ್ದು. ಹೋಗಿ ನೋಡಿದರೆ ಅಂಚಿನಿಂದ ತಳದವರೆಗೆ ಸೀಳು. ಎತ್ತಿ ಹಿಡಿದರೆ ಆ ಕಡೆಯ ಆಕಾಶ ಗೆರೆಯಾಗಿ ಕಾಣುತ್ತಿತ್ತು.

ಕಾಟಮ್ಮನ ಮಾತು ಕಿವಿಯಲ್ಲಿ ಕೇಳಿತು. ವಾಪಸ್.

ಆಮೇಲಿನದನ್ನೆಲ್ಲ ಅವನು ಅಚ್ಚುಕಟ್ಟಾಗಿ ಮಾಡಿದ. ದಾವಣಗೆರೆಯ ಒಂದು ಓಣಿಯಲ್ಲಿ ಕರೆಂಟಿನ ಲೇತಿಟ್ಟುಕೊಂಡು ಮಂಚದ ಕಾಲು ಮಾಡುವವನನ್ನು ಹುಡುಕಿದ. ಒಣಗಿದ ಹಾಲೆ ಮರವೇ ಬೇಕೆಂದ. ಗೆರೆಯನ್ನು ಪೆನ್ಸಿಲಿನಿಂದ ಮುಂದಕ್ಕೆ ಎಳೆದು, ವರ್ಷದ ಕೊನೆಗೆ ಎಷ್ಟು ತೂಗಬೇಕೆಂದು ಲೆಕ್ಕ ಹಾಕಿದ್ದ: ನಾಲ್ಕುನೂರ ಹತ್ತು ಗ್ರಾಂ. ಅಷ್ಟೇ ತೂಗುವ ಬಟ್ಟಲು ಸಿಕ್ಕಿತು. ತಳದಲ್ಲಿ ಓಬಣ್ಣ ಕೊರೆದಿದ್ದ ಮೂರು ಗೀಟುಗಳನ್ನು ತಾನೇ ಕೊರೆದ. ಒಳಗೋಡೆಯ ಗಾಯವನ್ನು ಚಾಕುವಿನ ಮೊನೆಯಿಂದ ಎಬ್ಬಿಸಿದ. ತನ್ನ ತಪ್ಪನ್ನು ತಾನೇ ನಕಲು ಮಾಡುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ನಾಲ್ಕು ತಾಸು ಹಿಡಿಯಿತು.

ಸೀಳಿದ್ದನ್ನು ಶಾಲೆಯ ಬೀರುವಿನಲ್ಲಿ, ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಚೇಳಿನ ಜಾಡಿಯ ಹಿಂದೆ ಇಟ್ಟು ಬೀಗ ಹಾಕಿದ.

ಹೊಸದನ್ನೂ ಭಾನುವಾರ ಭಾನುವಾರ ತೂಗಿದ. ಅಭ್ಯಾಸ. ನಾಲ್ಕುನೂರ ಹತ್ತು. ನಾಲ್ಕುನೂರ ಹತ್ತು. ಗೆರೆ ಸಪಾಟಾಗಿ ಹಾಳೆಯ ಅಂಚಿನವರೆಗೆ ಹೋಯಿತು.

ಹರಿಹರ ದಾಟಿ ದಾವಣಗೆರೆ ಬಂತು. ಬಸ್ಸು ಬದಲಾಯಿಸಬೇಕು. ಆ ಓಣಿ ಬಸ್ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಬೆಳಗಿನ ಹೊತ್ತಿಗೇ ಅಲ್ಲಿಂದ ಮರ ಕೊರೆಯುವ ಸದ್ದು ಬರುತ್ತಿದೆ ಎಂದು ಅವನಿಗೆ ಅನ್ನಿಸಿತು. ಬರುತ್ತಿರಲಿಕ್ಕಿಲ್ಲ.

“ಒಂದು ಮಾತು,” ಅಂದ.

ಅವಳು ತಿರುಗಿದಳು. ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡಿದ್ದಳು, ಕೂಸನ್ನು ಇಟ್ಟುಕೊಂಡ ಹಾಗೆ.

“ಇವತ್ತು ಮಂಗಳವಾರ. ತೌರಿನಿಂದ ಹೆಣ್ಣುಮಕ್ಕಳನ್ನ ಮಂಗಳವಾರ ಕಳಿಸಲ್ಲ ಅಂತಾರಲ್ಲ. ಸಂಜೆ ವಾಪಸ್ ಹೊರಡೋದಕ್ಕೆ ಏನಾದ್ರೂ ಅಂದಾರು.”

“ಅಪ್ಪ ಅದನ್ನೆಲ್ಲ ನೋಡೋದಿಲ್ಲ. ಅವರೇ ಕಾರ್ಡು ಬರೆದಿದ್ದಾರಲ್ಲ, ಮಂಗಳವಾರ ಬನ್ನಿ ಅಂತ. ನಾಳೆ ದೋಸೆಗೆ ಅಕ್ಕಿ ನೆನೆಹಾಕಿ ಬಂದಿದೀನಿ.”

ಹೇಳಬೇಕೆಂದಿದ್ದದ್ದು ಬೇರೆ. ಅದನ್ನು ಜಗಳೂರಿನಲ್ಲಿ ಹೇಳಿದರಾಯಿತು ಅಂದುಕೊಂಡ.

ಜಗಳೂರಿನ ಕಡೆ ಗಾಳಿ ಬೇರೆ. ಹೊನ್ನಾಳಿಯಲ್ಲಿ ಹೊಳೆಯ ಪಸೆ ಇರುತ್ತದೆ. ಇಲ್ಲಿ ತುಟಿ ಒಣಗುತ್ತದೆ, ಮೂಗಿನೊಳಗೆ ಉರಿ. ಆ ಗಾಳಿ ಬೀಸತೊಡಗಿದ ಮೇಲೆ ಹೊನ್ನೂರಮ್ಮ ಕಿಟಕಿಯ ಹತ್ತಿರ ಸರಿದು ಕೂತಳು. ಎದುರು ಸೀಟಿನ ಮುದುಕಿಗೆ ತಾನಾಗಿ ಮಾತು ತೆಗೆದಳು. “ಇದು ನಮ್ಮ ಬಟ್ಟಲು ಕಣವ್ವ. ವರ್ಷದ್ದು ಐತೆ.”

ಐತೆ. ಅವನು ಕೇಳಿಸಿಕೊಂಡ. ತಿದ್ದಲಿಲ್ಲ. ಜಗಳೂರಿನಲ್ಲೂ ಏನೂ ಹೇಳಲಿಲ್ಲ.

ಸೊಕ್ಕೆ ಮುಟ್ಟಿದಾಗ ಹನ್ನೊಂದೂವರೆ. ಕಾಟಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

“ಬಂದ್ರಾ ಅಳಿಯಂದ್ರೆ! ಇದೇನ್ರಿ ಇನ್ನೂ ಕಡ್ಡಿಯಂಗೇ ಅದೀರಿ? ನಮ್ಮ ಹುಡುಗಿ ಉಣ್ಣಾಕೆ ಇಕ್ಕಾಕಿಲ್ಲೇನು?”

“ಇಕ್ಕುತ್ತಾಳೆ.”

“ಇಕ್ಕುತ್ತಾಳಂತೆ! ಇನ್ನೆರಡು ಮಾತು ಆಡಿದ್ರೆ ಸರ್ಕಾರದೋರು ಸುಂಕ ಕೇಳ್ತಾರೇನ್ರಿ?”

ಅತ್ತೆ ಗಾದ್ರಮ್ಮ ಕಾಲಿಗೆ ನೀರು ಕೊಟ್ಟಳು. ಸೆರಗು ಎಳೆದುಕೊಂಡು ಒಳಗೆ ಹೋದಳು. ಹೊನ್ನೂರಮ್ಮ ಅವಳ ಹಿಂದೆಯೇ ಹೋದಳು. ಒಂದು ಗಳಿಗೆಗೆ ಅಡಿಗೆಮನೆಯಿಂದ ಮಾತು ಶುರುವಾಯಿತು. ನೀರು ಬಿಟ್ಟ ಹಾಗೆ ಮಾತು. ನಡುವೆ ಒಂದು ನಗು. ಯಾರದಿರಬಹುದು ಎಂದು ಅವನು ಯೋಚಿಸಿದ. ಹೆಂಡತಿಯದೆಂದು ತಿಳಿಯಲು ಹೊತ್ತು ಹಿಡಿಯಿತು. ಹೊನ್ನಾಳಿಯ ಮನೆಯಲ್ಲಿ ಅದು ಕೇಳಿರಲಿಲ್ಲ.

ಅವನನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಆ ಮನೆಯಲ್ಲಿ ಇದ್ದದ್ದು ಅದೊಂದೇ ಕುರ್ಚಿ. ಎದುರಿನ ಗೋಡೆಗೆ ಉದ್ದನೆಯ ಹಲಗೆ. ಹಲಗೆಯ ಮೇಲೆ ಸಾಲಾಗಿ ಬಟ್ಟಲುಗಳು. ಮದುವೆಯ ಗದ್ದಲದಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ಸುಮ್ಮನೆ ಎಣಿಸಿದ. ಹನ್ನೊಂದು.

ಮತ್ತೆ ಎಣಿಸಿದ. ಎಣಿಕೆ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ ಏನೋ. ಎದ್ದು ಹತ್ತಿರ ಹೋದ.

ಒಂದೂ ದುಂಡಗಿರಲಿಲ್ಲ.

ಒಂದು ಕೋಳಿಮೊಟ್ಟೆಯ ಹಾಗೆ. ಒಂದು ಮಾವಿನ ವಾಟೆಯ ಹಾಗೆ. ಒಂದು ಯಾರೋ ಎರಡೂ ಕೈಯಿಂದ ಮೆಲ್ಲಗೆ ಅದುಮಿದ ಹಾಗೆ. ಹನ್ನೊಂದರಲ್ಲಿ ಆರೇಳಕ್ಕೆ ಸೀಳು ಬಿಟ್ಟು, ಸೀಳಿನಲ್ಲಿ ಕರಿ ಅರಗು ತುಂಬಿತ್ತು. ಅರಗು ಬೆರಳು ತಾಗಿ ತಾಗಿ ನುಣುಪಾಗಿ ಹೊಳೆಯುತ್ತಿತ್ತು.

“ಅದೇನ್ ನೋಡ್ತೀರಿ?” ಕಾಟಮ್ಮ ಹುಣಸೆಹಣ್ಣಿನ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. “ಆ ಮೂಲೇಲಿ ಐತಲ್ಲ, ಅದು ನಂದು. ಮೂರು ಕಡೆ ಬಾಯಿ ಬಿಟ್ಟಿತ್ತು. ನಮ್ಮಪ್ಪ ಅರಗು ತುಂಬಿ ಕೊಟ್ಟ. ಮೂವತ್ತು ವರ್ಷ ನಾನೂ ನಮ್ಮ ಯಜಮಾನ್ರೂ ಅದರಾಗೇ ಉಂಡ್ವಿ. ಅವರು ಹೋದ ಮ್ಯಾಲೆ ತಂದು ಇಲ್ಲಿಟ್ಟೆ.”

“ಸೀಳಿದರೆ... ಆವತ್ತು ನೀವು ಹೇಳಿದಿರಲ್ಲ. ಹುಡುಗಿ ವಾಪಸ್ ಅಂತ.”

ಕಾಟಮ್ಮ ಅವನ ಮುಖ ನೋಡಿದಳು. ಆಮೇಲೆ ತೊಡೆ ಬಡಿದುಕೊಂಡು ನಕ್ಕಳು. “ಅಯ್ಯ ನನ್ನಪ್ಪನೆ! ತಮಾಷಿಗೆ ಅಂದಿದ್ದಲ್ರಿ ಅದು! ಹಂಗಾದ್ರೆ ಈ ಮನಿ ಹೆಣ್ಣುಮಕ್ಕಳೆಲ್ಲ ಇಲ್ಲೇ ಬಿದ್ದಿರ್ತಿದ್ವಿ. ಬಿ.ಎ. ಓದಿದೋರು ಅದನ್ನ ನಂಬಿದ್ರಾ?”

“ಬಿ.ಎಸ್ಸಿ.,” ಅಂದ.

“ಯಾವುದೋ ಒಂದು.” ಕಣ್ಣು ಒರೆಸಿಕೊಂಡಳು. “ಹಸಿ ಮರ ಅಲ್ರೇನು? ಒಣಗ್ತಾ ಒಂದು ಕಡೆ ಜಗ್ಗತೈತೆ, ಒಂದು ಕಡೆ ಬಿಡತೈತೆ. ದುಂಡಗೆ ಇರು ಅಂದ್ರೆ ಹೆಂಗೆ ಇದ್ದೀತು? ಅದಕ್ಕೇ ಬೆರಳು ದಪ್ಪ ಬಿಟ್ಟು, ವರ್ಷದ ಮ್ಯಾಲೆ ಮತ್ತೆ ಉಳಿ ಕೊಡೋದು. ಆದ್ರೂ ಪೂರಾ ದುಂಡಗೆ ಬರಾಕಿಲ್ಲ. ಬರಬಾರದು.”

ದಾವಣಗೆರೆಯ ಲೇತಿನವನು ಸೀಳಿದ ಬಟ್ಟಲನ್ನು ಅಳೆದು ಕೇಳಿದ್ದು ಈಗ ನೆನಪಾಯಿತು. ‘ಬಾಯಿ ಈ ಕಡೆಯಿಂದ ಆರೂವರೆ ಇಂಚು ಐತೆ, ಈ ಕಡೆಯಿಂದ ಆರು. ಯಾವುದು ಹಿಡೀಲಿ ಸಾರ್?’ ತಾನು ಒಂದು ಕ್ಷಣವೂ ತಡೆಯದೆ ಹೇಳಿದ್ದ: ‘ಸರಾಸರಿ ತಗೊಳ್ಳಿ.’

ಬೆವರು ಬಂತು. ಒಣ ಗಾಳಿಗೆ ಅಲ್ಲೇ ಆರಿತು.

ಅಂಗಳದಲ್ಲಿ ಬೇವಿನ ನೆರಳಿಗೆ ಓಬಣ್ಣ ಕೆಂಡದ ಮೇಲೆ ಅರಗು ಬಿಸಿ ಮಾಡುತ್ತಿದ್ದ. ಪಕ್ಕದಲ್ಲಿ ಉಳಿಗಳು, ಎಣ್ಣೆಯ ಚಿಂದಿ, ಸುತ್ತಿಟ್ಟ ಹಗ್ಗ. ಹನುಮಂತಪ್ಪ ಹೋಗಿ ನಿಂತ. ಈಗ ಹೇಳಬಹುದು. ಹೇಳಿದರೆ ಏನಾಗುತ್ತದೆ? ನಗುತ್ತಾರೆ. ಕಾಟಮ್ಮ ತೊಡೆ ಬಡಿದುಕೊಳ್ಳುತ್ತಾಳೆ. ಬೀರುವಿನಲ್ಲಿರುವುದನ್ನು ತರಿಸಿ ಅರಗು ತುಂಬುತ್ತಾರೆ. ಅಷ್ಟೇ.

“ಮಾವ.”

“ಹೇಳ್ರಿ.”

ಓಬಣ್ಣ ತಲೆ ಎತ್ತಲಿಲ್ಲ. ಕೆಂಡ ಊದುತ್ತಿದ್ದ. ಬೆನ್ನ ಮೇಲಿನ ಮೂಳೆಗಳು ಒಂದೊಂದೂ ಕಾಣುತ್ತಿದ್ದವು. ಹತ್ತು ತಿಂಗಳು, ಒಂದೊಂದು ಭಾನುವಾರವೂ, ತಾನು ಮಾಡಿದ್ದನ್ನೆಲ್ಲ ಈ ಬೆನ್ನಿಗೆ ಹೇಳಬೇಕು. ತೂಕ, ಗೆರೆ, ಗಂಟು, ಗಾಯ. ಇದು ನಗುವಂಥದಲ್ಲ ಎಂದು ಅವನಿಗೆ ಆಗ ಹೊಳೆಯಿತು. ಸೀಳಿದ್ದಕ್ಕೆ ನಗುತ್ತಾರೆ. ನಕಲು ಮಾಡಿದ್ದಕ್ಕೆ ನಗುವುದಿಲ್ಲ.

“ಬಿಸಿಲು ಜೋರು,” ಅಂದ.

“ಮಾಘಕ್ಕೇ ಹಿಂಗೆ ನೋಡ್ರಿ.”

ಬುಟ್ಟಿಯನ್ನು ಹೊನ್ನೂರಮ್ಮ ತಂದಿಟ್ಟಳು. ಗಂಟನ್ನು ಓಬಣ್ಣನೇ ಬಿಚ್ಚಿದ. ಹೊಟ್ಟಿನೊಳಗೆ ಕೈ ಇಳಿಸಿ, ಎರಡೂ ಅಂಗೈ ಕೂಡಿಸಿ, ನೀರಿನಿಂದ ಮೀನು ಎತ್ತುವ ಹಾಗೆ ಬಟ್ಟಲನ್ನು ಎತ್ತಿದ.

“ಅಬ್ಬಾ, ಏನ್ ದುಂಡಗೈತೆ!” ಕಾಟಮ್ಮ ಅಂದಳು. “ಓಬಣ್ಣ, ನಿನ್ನ ಕೈಯಾಗೆ ಹಿಂಥದ್ದು ಒಂದೂ ಬಂದಿರಲಿಲ್ಲ ಬಿಡು. ಮೇಷ್ಟ್ರ ಕೈಗುಣ!”

ಯಾರೂ ನಗಲಿಲ್ಲ. ಕಾಟಮ್ಮ ಒಬ್ಬಳೇ ನಕ್ಕು, ಸುತ್ತ ನೋಡಿ, ನಿಲ್ಲಿಸಿದಳು.

ಓಬಣ್ಣ ತಳದ ಗೀಟುಗಳನ್ನು ನೋಡಿದ. ಒಳಗೆ ಬೆರಳಾಡಿಸಿ ಗಾಯವನ್ನು ಮುಟ್ಟಿದ. ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು. ಬಟ್ಟಲಿನ ತಳಕ್ಕೆ ಬಿಸಿ ಅರಗು ಹಚ್ಚಿ ಹಗ್ಗ ಸುತ್ತುವ ಕದಿರುಗೂಟದ ತುದಿಗೆ ಕೂರಿಸಿದ. ಗೂಟವನ್ನು ಎರಡು ಕಂಬಗಳ ನಡುವಿನ ಮೊಳೆಗಳಿಗೆ ಸಿಕ್ಕಿಸಿದ. ಆಮೇಲೆ ಅಂಚಿನ ಹತ್ತಿರ ಹೆಬ್ಬೆರಳು ಹಿಡಿದು ಎಡಗೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದ.

ವರ್ಷ ಒಣಗಿದ ಬಟ್ಟಲಾದರೆ ಆ ಸುತ್ತಿನಲ್ಲಿ ಅಂಚು ಹೆಬ್ಬೆರಳ ಹತ್ತಿರ ಬರಬೇಕು, ದೂರ ಹೋಗಬೇಕು, ಮತ್ತೆ ಬರಬೇಕು. ಅದನ್ನು ಯಾರೂ ಹನುಮಂತಪ್ಪನಿಗೆ ಹೇಳಿಕೊಡಬೇಕಿರಲಿಲ್ಲ. ಹೆಬ್ಬೆರಳಿಗೂ ಅಂಚಿಗೂ ನಡುವೆ ಕೂದಲೆಳೆಯಷ್ಟು ಬೆಳಕು. ಸುತ್ತು ಮುಗಿಯುವವರೆಗೂ ಆ ಬೆಳಕು ಅಷ್ಟೇ ಇತ್ತು.

ಓಬಣ್ಣ ಎರಡನೆಯ ಸುತ್ತು ತಿರುಗಿಸಿದ. ಮೂರನೆಯದು ತಿರುಗಿಸಲಿಲ್ಲ.

“ನಡುವೆ ಬುಟ್ಟಿ ಬಿಚ್ಚಿದ್ರಾ ಮೇಷ್ಟ್ರೆ?” ಅಂದ. ಅರಗಿನ ಪಾತ್ರೆಯನ್ನು ಕೆಂಡದಿಂದ ಪಕ್ಕಕ್ಕೆ ಸರಿಸುತ್ತ, ಮಳೆ ಬಂತಾ ಎಂದು ಕೇಳಿದ ಹಾಗೆ.

“ಇಲ್ಲ.”

“ಬಿಚ್ಚಿದ್ರೂ ಏನಿಲ್ರಿ. ಎಲ್ರೂ ಬಿಚ್ಚೋರೇ. ನಾನೂ ಬಿಚ್ಚಿದ್ದೆ, ತಡಿಯಾಕೆ ಆಗದಲೆ. ಇವಳ ಅವ್ವ ನೋಡಿ ಬೈದಿದ್ಲು.”

ಗಾದ್ರಮ್ಮ ಬಾಗಿಲ ಹಿಂದೆ ನಿಂತಿದ್ದಳು. ಹೊನ್ನೂರಮ್ಮ ಹಗ್ಗ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಗಂಡನ ಕಡೆ ನೋಡಿದಳು. ನೋಟದಲ್ಲಿ ಕೋಪವಿರಲಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದ ಮಕ್ಕಳು ಗೊತ್ತಿಲ್ಲದವನನ್ನು ನೋಡುತ್ತಾರಲ್ಲ, ಹೇಳು, ಹೇಳಿಬಿಡು ಎಂದು, ಹಾಗೆ.

“ಇಲ್ಲ,” ಅಂದ. ಎರಡನೆಯ ಸಲ ದನಿ ಸ್ಪಷ್ಟವಾಗಿಯೇ ಬಂತು.

“ಹ್ಞೂಂ,” ಅಂದ ಓಬಣ್ಣ. ಉಳಿಯನ್ನು ಅಳಿಯನ ಕೈಗೆ ಕೊಟ್ಟ. “ಎಳಿ ಮಗಾ.”

ಅವಳು ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಕಾಲು ಚಾಚಿ ಕೂತು, ಎಳೆದಳು.

ಹೋದ ವರ್ಷದ ಸದ್ದು ಅವನಿಗೆ ನೆನಪಿತ್ತು. ಹಸಿ ಮರದ ತೊಗಟೆ ಉಳಿಗೆ ಬಡಿದು ಧಡ್ ಧಡ್ ಅನ್ನುತ್ತಿತ್ತು. ಒಣಗಿ ಬಾಗಿದ ಬಟ್ಟಲೂ ಮೊದಮೊದಲು ಹಾಗೇ ಅನ್ನಬೇಕು. ಉಬ್ಬಿದ ಕಡೆ ಬಡಿಯಬೇಕು, ತಗ್ಗಿದ ಕಡೆ ಬಿಡಬೇಕು. ಆ ಬಡಿತ ಹಗ್ಗದಲ್ಲಿ ಹಾದು ಎಳೆಯುವವಳ ಮುಂಗೈವರೆಗೆ ಹೋಗುತ್ತದೆ. ಈ ಮನೆಯ ಹೆಣ್ಣುಮಕ್ಕಳು ಅದನ್ನು ಕೈಯಿಂದಲೇ ಓದುತ್ತಾರೆ.

ಏನೂ ಬಡಿಯಲಿಲ್ಲ. ಉಳಿ ತಾಗಿದ ಕಡೆಯಿಂದ ಬಿಳಿ ಪುಡಿ ಸದ್ದಿಲ್ಲದೆ ಸುರಿಯಿತು.

ಅವಳ ಮುಖ ಅವನಿಗೆ ಎದುರಿಗಿತ್ತು. ಮೊದಲ ನಾಲ್ಕೈದು ಎಳೆತದಲ್ಲಿ ಹುಬ್ಬು ಗಂಟಿಕ್ಕಿತು. ಏನನ್ನೋ ಕಾಯುತ್ತಿದ್ದಳು. ಕೈ ಬದಲಾಯಿಸಿ ಎಳೆದಳು. ಇನ್ನೂ ಜೋರಾಗಿ ಎಳೆದಳು. ಆಮೇಲೆ ಹುಬ್ಬು ತಾನಾಗಿ ಸಡಿಲಾಯಿತು, ಮುಖ ಖಾಲಿಯಾಯಿತು. ಹೊನ್ನಾಳಿಯಲ್ಲಿ ಅವಳು ಇಡೀ ವರ್ಷ ಹೊತ್ತಿದ್ದ ಮುಖ ಅದು. ತೌರಿಗೆ ಬಂದು ಎರಡು ತಾಸು ಅದನ್ನು ತೆಗೆದಿಟ್ಟಿದ್ದಳು.

ನಾ ಎಳೆದಾಗ ಇಡ್ರಿ, ಬಿಟ್ಟಾಗ ತೆಗೀರಿ ಎಂದು ಈ ಸಲ ಅವಳು ಹೇಳಲಿಲ್ಲ. ಅವನು ತಾನಾಗಿಯೇ ಸರಿಯಾಗಿ ಇಟ್ಟ, ಸರಿಯಾಗಿ ತೆಗೆದ. ಒಂದು ತಪ್ಪೂ ಆಗಲಿಲ್ಲ. ಅವಳು ಎಳೆದಷ್ಟೂ ಬಟ್ಟಲು ನಿಶ್ಚಲವಾಯಿತು. ಕಡೆಗೆ ಅದು ತಿರುಗುತ್ತಿದೆಯೋ ನಿಂತಿದೆಯೋ ಎಂದು ಹೇಳುವುದು ಕಷ್ಟವಾಯಿತು.

“ಸಾಕು ಮಗಾ,” ಅಂದ ಓಬಣ್ಣ.

ಅವಳಿಗೆ ಕೇಳಿಸಲಿಲ್ಲ.

“ಸಾಕು.”

ಗಾದ್ರಮ್ಮ ಬಟ್ಟಲನ್ನು ತೊಳೆದು, ಬಿಸಿ ಅನ್ನ ಹಾಲು ಬೆಲ್ಲ ಹಾಕಿ ಕಲಸಿ ತಂದಿಟ್ಟಳು. ಒಂದೇ ಬಟ್ಟಲು, ಎರಡು ಮಣೆ. ಹನುಮಂತಪ್ಪ ಕೂತ. ಹೊನ್ನೂರಮ್ಮ ಎರಡನೆಯ ಮಣೆಯ ಮೇಲೆ ಕೂರದೆ ಅದರ ಪಕ್ಕದಲ್ಲಿ, ನೆಲದ ಮೇಲೆ ಕೂತಳು.

“ನೀವು ಉಣ್ರಿ.”

“ನೀನು?”

“ನನಗೆ ಹಸಿವಿಲ್ಲ.”

ಗಾದ್ರಮ್ಮ ಗಂಡನ ಮುಖ ನೋಡಿ ಖಾಲಿ ಮಣೆಯನ್ನು ಗೋಡೆಗೆ ಒರಗಿಸಿದಳು. ಅವನು ಉಂಡ. ಅನ್ನದಲ್ಲಿ ಸಣ್ಣಗೆ ಯಂತ್ರದ ಎಣ್ಣೆಯ ವಾಸನೆ ಇತ್ತು, ಅಥವಾ ಇದೆಯೆಂದು ಅನ್ನಿಸಿತು. ಬಿಡುವಂತಿರಲಿಲ್ಲ. ನಾಲ್ಕು ಜನರ ಎದುರಿಗೆ, ಇಬ್ಬರ ಅನ್ನವನ್ನು, ತಳದ ಕೊನೆಯ ಅಗುಳಿನವರೆಗೆ ಒಬ್ಬನೇ ಉಂಡ. ಬಟ್ಟಲು ಬರಿದಾದಾಗ ಒಳಗೋಡೆ ನುಣ್ಣಗಿತ್ತು. ಗಾಯ ಉಳಿಗೆ ಸವೆದು ಹೋಗಿತ್ತು.

ಮೂರೂವರೆಗೆ ಅವನು ಗಡಿಯಾರ ನೋಡಿದ. “ನಾಲ್ಕರ ಬಸ್ಸಿಗೆ ಹೊರಡೋಣ.”

ಯಾರೂ ಏಳಲಿಲ್ಲ. ಓಬಣ್ಣ ಹಗ್ಗಕ್ಕೆ ಎಣ್ಣೆ ಸವರುತ್ತಿದ್ದ. ಗಾದ್ರಮ್ಮ ಸೆರಗಿನ ಅಂಚು ನೋಡಿಕೊಳ್ಳುತ್ತ ಹೇಳಿದಳು, “ಇವತ್ತು ಮಂಗಳವಾರ ಅಲ್ರಿ. ಹೆಣ್ಣುಮಕ್ಕಳನ್ನ ಕಳಿಸಾಕೆ ಬರಾಕಿಲ್ಲ.”

“ಬೆಳಿಗ್ಗೆ ಇವಳೇ ಹೇಳಿದಳು. ಮಾವ ಅದನ್ನೆಲ್ಲ ನೋಡಲ್ಲ ಅಂತ.”

“ನೋಡತೀವ್ರಿ,” ಅಂದ ಓಬಣ್ಣ.

“ಹಾಗಾದರೆ ನಾಳೆ...”

“ನಾಳೆ ಮನಿ ಸಾರಿಸೋದೈತೆ,” ಗಾದ್ರಮ್ಮ ಅಂದಳು. “ಗುರುವಾರ ಇವಳ ಸೋದರತ್ತೆಗೆ ಜೊತಿಗೆ ಯಾರೂ ಇಲ್ಲ. ಶುಕ್ರವಾರ ಅಂತೂ ಕೇಳಲೇಬ್ಯಾಡ್ರಿ.”

ಕಾಟಮ್ಮ ಹುಣಸೆಬೀಜ ಆರಿಸುತ್ತಿದ್ದಳು. ಅವಳ ಬಾಯಿಂದ ಒಂದು ತಮಾಷೆಯ ಮಾತು ಬರಲೆಂದು ಅವನು ಕಾದ. ಇಡೀ ದಿನದಲ್ಲಿ ಅವನು ಮನಸಾರೆ ಬೇಡಿದ್ದು ಅದೊಂದನ್ನೇ. ಕಾಟಮ್ಮ ಬೀಜಗಳನ್ನು ಎರಡೆರಡು ಸಲ ಆರಿಸಿದಳು.

ಬಸ್ಸಿನವರೆಗೆ ಹೊನ್ನೂರಮ್ಮ ಬಂದಳು. ಹುಣಸೆ ಮರದ ಕೆಳಗೆ ಇಬ್ಬರೂ ನಿಂತರು. ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಬೆಳಿಗ್ಗೆ ಎರಡು ಸಲ ಕೇಳಿದರೂ ಕೊಡದವಳು ಈಗ ಕೇಳದೆಯೇ ಕೊಟ್ಟಳು.

“ಅದು ಎಲ್ಲೈತೆ?” ಅಂದಳು.

ದೂರದಲ್ಲಿ ಬಸ್ಸಿನ ಧೂಳು ಎದ್ದಿತ್ತು. ಹೇಳಲು ಇನ್ನೂ ಹೊತ್ತಿತ್ತು. ಶಾಲೆಯಲ್ಲಿ ಇದೆ ಅಂದರೆ ಮುಗಿಯಿತು. ಎರಡೇ ಶಬ್ದ.

“ಯಾವುದು?”

ಅವಳು ತಲೆಯಾಡಿಸಿದಳು. ಬಸ್ಸು ಬಂದು ನಿಂತ ಮೇಲೆ, “ಅಕ್ಕಿ ನೆನೆಹಾಕೀನಿ. ಹುಳಿ ವಾಸನೆ ಬಂದ್ರೆ ಚೆಲ್ಲಿಬಿಡ್ರಿ,” ಅಂದಳು.

“ಯಾವಾಗ ಬರ್ತೀ?”

“ನೋಡಾಣ.”

ಬಸ್ಸಿನಲ್ಲಿ ಜನ ಕಡಿಮೆ. ಅವನು ನಡುವಿನ ಸೀಟಿನಲ್ಲಿ ಕೂತು ಗಂಟನ್ನು ಪಕ್ಕಕ್ಕೆ ಇಟ್ಟುಕೊಂಡ. ಮನೆಯ ಅಡಿಗೆಕೋಣೆ ಕಣ್ಣಿಗೆ ಬಂತು. ಕತ್ತಲಲ್ಲಿ ಪಾತ್ರೆಯೊಳಗೆ ಅಕ್ಕಿ ನೀರು ಕುಡಿದು ಉಬ್ಬುತ್ತಿರಬಹುದು. ಎಷ್ಟು ತೂಕ ಹೆಚ್ಚಿರಬಹುದು? ಲೆಕ್ಕ ತಾನಾಗಿ ಶುರುವಾಯಿತು. ನಿಲ್ಲಿಸಲು ಆಗಲಿಲ್ಲ.

ಜಗಳೂರು ದಾಟಿತು. ಬಿಳಿಚೋಡಿನ ಹತ್ತಿರ ಕುರಿಮಂದೆ ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕು ಹಾಕಿದ. ಪಕ್ಕದ ಗಂಟು ಜಾರಿ, ಬಟ್ಟೆ ಬಿಚ್ಚಿಕೊಂಡು, ಬಟ್ಟಲು ಕೆಳಗೆ ಬಿತ್ತು. ಬಿದ್ದದ್ದು ಬೋರಲಾಗಲಿಲ್ಲ. ಅಂಚಿನ ಮೇಲೆ ನಿಂತು, ಸೀಟುಗಳ ನಡುವಿನ ದಾರಿಯಲ್ಲಿ ಡ್ರೈವರ್‌ವರೆಗೆ ಉರುಳುತ್ತ ಹೋಯಿತು. ಬಸ್ಸು ಮತ್ತೆ ಹೊರಟಾಗ ಅಲ್ಲಿಂದ ಹಿಂದಕ್ಕೆ ಉರುಳಿ ಬಂತು. ಕೂತವರು ಕಾಲು ಎತ್ತಿಕೊಂಡು ದಾರಿ ಬಿಟ್ಟರು.

“ಯಾರದ್ರೀ ಇದು ಬಟ್ಟಲು?” ಕಂಡಕ್ಟರ್ ಕೂಗಿದ.

ಎಲ್ಲರೂ ತಿರುಗಿ ಒಬ್ಬರ ಮುಖ ಒಬ್ಬರು ನೋಡಿದರು. ಹನುಮಂತಪ್ಪನೂ ತಿರುಗಿ ನೋಡಿದ.

“ಏನ್ ದುಂಡಗೈತೆ ನೋಡು,” ಹಿಂದಿನ ಸೀಟಿನಲ್ಲಿ ಯಾರೋ ಅಂದರು. “ನಿಲ್ಲಾಕೇ ಒಲ್ಲದು.”

ಹೊತ್ತು ಮುಳುಗುತ್ತಿತ್ತು. ಬಸ್ಸು ಇಳಿಜಾರು ಇಳಿದಾಗ ಅದು ಮುಂದಕ್ಕೆ ಹೋಯಿತು, ಏರು ಹತ್ತಿದಾಗ ಹಿಂದಕ್ಕೆ ಬಂತು. ತನ್ನ ಹತ್ತಿರ ಬಂದಾಗಲೆಲ್ಲ ಅವನೂ ಉಳಿದವರ ಹಾಗೆಯೇ ಕಾಲು ಎತ್ತಿಕೊಂಡ.

ಆ ದಿನ ಓಬಣ್ಣನ ಮನೆಯಿಂದ ಹೊರಟವನು ಹನುಮಂತಪ್ಪ ಒಬ್ಬನೇ. ಮಂಗಳವಾರ.